ದೊಡ್ಡ ಅಳಿಯನ ಸೇನಾ ವಾಪಸಾತಿ

ನನಗೊಂದು ಕೆಟ್ಟ ಚಾಳಿಯಿದೆ. ಹೊಟ್ಟೆ ತುಂಬಿದರೆ ಅಭಿಪ್ರಾಯ ಬರುತ್ತದೆ. ಹಸಿದಾಗ ನಾನು ಸಜ್ಜನ. ಎರಡನೆಯ ಸಲ ತುಪ್ಪ ಬಿತ್ತೆಂದರೆ ಅರ್ಥಮಂತ್ರಿ, ಮಜ್ಜಿಗೆಯ ಹೊತ್ತಿಗೆ ಸೇನಾಧಿಪತಿ.

ಈ ಚಾಳಿ ಕೊಬ್ಬಿದ್ದು ವಿಜಯವಾಡದ ಪಟಮಟದಲ್ಲಿರುವ ಅತ್ತೆಯ ಮನೆಯಲ್ಲಿ. ನಾನು ಧಾರವಾಡದವನು, ಅತ್ತೆ ಬಳ್ಳಾರಿಯವರು, ಮಾವ ಅಲ್ಲಿಯ ಒನ್ ಟೌನ್ ಪೇಟೆಯ ತೆಲುಗು ವ್ಯಾಪಾರಿ. ಆ ಮನೆಯಲ್ಲಿ ಸಂಕ್ರಾಂತಿಯ ದಿನ ದೊಡ್ಡ ಅಳಿಯ ಮೊದಲ ತುತ್ತು ಎತ್ತುವವರೆಗೆ ಯಾರೂ ಉಣ್ಣುವಂತಿಲ್ಲ, ಉಣ್ಣುತ್ತಿರುವ ಅಳಿಯನಿಗೆ ಯಾರೂ ಎದುರಾಡುವಂತಿಲ್ಲ. ದೊಡ್ಡ ಅಳಿಯ ನಾನೇ. ಹತ್ತು ಸಂಕ್ರಾಂತಿ ಯಾರೂ ಎದುರಾಡದಿದ್ದರೆ ಎಂಥವನಿಗೂ ತಾನು ಹೇಳಿದ್ದೆಲ್ಲ ಸರಿ ಅನ್ನಿಸುತ್ತದೆ. ಪುರಾಣದ ರಾಜರು ಕೆಟ್ಟದ್ದೂ ಹೀಗೇ ಇರಬೇಕು. ಶತ್ರುಗಳಿಗಿಂತ ಮೊದಲು ಅವರಿಗೆ ಯಾರೋ ತುಪ್ಪ ಬಡಿಸಿದ್ದರು.

ರಾಜ್ಯ ಎರಡಾಗಿ, ಹೊಸ ರಾಜಧಾನಿಯ ಮಾತು ಊರ ತುಂಬ ಇದ್ದ ಕಾಲದ ಒಂದು ಸಂಕ್ರಾಂತಿ. ಟೀವಿಯಲ್ಲಿ ಎರಡು ಚರ್ಚೆ ನಡೆದಿದ್ದವು. ನಷ್ಟದಲ್ಲಿರುವ ಕಾರ್ಖಾನೆಗಳಿಗೆ ಸರ್ಕಾರ ನೆರವು ಕೊಡಬೇಕೇ ಎಂಬುದು ಒಂದು. ದೊಡ್ಡ ದೇಶವೊಂದು ಪರನಾಡಿನಲ್ಲಿರುವ ತನ್ನ ಸೈನ್ಯವನ್ನು ವಾಪಸ್ ಕರೆಸಬೇಕೇ ಎಂಬುದು ಇನ್ನೊಂದು. ನನಗೆ ಎರಡೂ ಸುಲಭ.

“ಸತ್ತ ಕಾರ್ಖಾನಿಗೆ ಸಲೈನ್ ಹಚ್ಚೋದ್ಯಾಕ? ಬೀಗಾ ಹಾಕ್ರಿ” ಎಂದೆ. “ಇನ್ನ ಸೈನ್ಯದ್ದೇನೈತಿ, ವಿಮಾನ ಹತ್ತಿಸಿ ಒಂದ ದಿನದಾಗ ಕರಕೊಂಡು ಬಂದ್ರಾತು.”

ಅತ್ತೆ ತಲೆಯಾಡಿಸಿ ಇನ್ನೊಂದು ಕಜ್ಜಾಯ ಹಾಕಿದರು. ಪಕ್ಕದ ಎಲೆಯಲ್ಲಿ ಷಡ್ಡಕ ಅಪ್ಪಾರಾವ್ ತಲೆ ತಗ್ಗಿಸಿ ಉಣ್ಣುತ್ತಿದ್ದರು. ನನ್ನ ಹೆಂಡತಿಯ ತಂಗಿಯ ಗಂಡ, ವಿಶಾಖಪಟ್ಟಣದವರು, ಮಿತಭಾಷಿ. ಅವರ ಮೌನವನ್ನೂ ನನ್ನ ಲೆಕ್ಕಕ್ಕೇ ಹಾಕಿಕೊಂಡೆ.

ಆ ಬೇಸಿಗೆಯಲ್ಲಿ ಕೆಲಸದ ಮೇಲೆ ವಿಶಾಖಪಟ್ಟಣಕ್ಕೆ ಹೋದವನು ಮಧುರವಾಡದ ಅವರ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಅಪ್ಪಾರಾವ್ ಊಟದ ಕ್ಯಾರಿಯರಿನ ಜೊತೆ ಒಂದು ಎಣ್ಣೆ ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅವರಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ ಎಂದು ಗೊತ್ತಿತ್ತು. ಅದು ನಿಂತು ವರ್ಷವಾಗಿದೆ, ನೆರವಿಗಾಗಿ ಕಾಯುತ್ತಿದೆ ಎಂಬುದು ನಾದಿನಿ ಹೇಳಿದಾಗಲೇ ಗೊತ್ತಾದದ್ದು. ನಿಂತ ಕಾರ್ಖಾನೆಗೆ ಹೋಗಿ ಏನು ಮಾಡುತ್ತೀರಿ ಎಂದು ಕೇಳಿಬಿಟ್ಟೆ.

ಅತ್ತೆಯಿಂದ ಕಲಿತ ಕನ್ನಡದಲ್ಲಿ ಅವರು ಹೇಳಿದರು: “ಮಿಷನ್ ತಿರುಗಿಸ್ತೀವಿ ಅನ್ನಯ್ಯಗಾರೂ. ಕರೆಂಟ್ ಇಲ್ಲ, ರಾಡ್ ಹಾಕಿ ನಾಲ್ಕು ಜನ ಕೈಯಿಂದಾನೇ ತಿರುಗಿಸ್ತೀವಿ. ಸಮುದ್ರದ ಗಾಳಿ ಅಲ್ವಾ, ದಿನಕ್ಕೊಂದ್ಸಾರಿ ತಿರುಗಿಸ್ದಿದ್ರೆ ತುಕ್ಕು ಹತ್ತಿ ಹಿಡ್ಕೊಂಬಿಡ್ತದೆ. ಆಮೇಲೆ ಸರ್ಕಾರ ಎಷ್ಟು ಕೊಟ್ರೂ ಏಳಲ್ಲ.”

ಬೇರೆಯವರು ಬಿಟ್ಟು ಹೋಗಿದ್ದಾರಂತೆ, ನೀವ್ಯಾಕೆ ಹೋಗಲಿಲ್ಲ ಎಂದೆ. ಅವರು ಚೀಲದ ಜಿಪ್ಪನ್ನು ಎಳೆದರು.

“ಮೊದ್ಲು ಮಿಲಿಟರಿಯಲ್ಲಿದ್ದೆ. ಶಾಂತಿ ಪಡೆ ಅಂತ ಹೊರದೇಶಕ್ಕೆ ಕಳಿಸಿದ್ರು. ವಾಪಸ್ ಬರೋದು ಒಂದಿನದ ಕೆಲ್ಸ ಅಲ್ಲ. ಮುಂದಿನೋರು ದಾಟೋವರ್ಗೂ ಹಿಂದಿನೋರು ನಿಂತಿರ್ಬೇಕು. ಕೊನೇಗೆ ನಿಂತೋರು ನಾನೂ ನನ್ನ ಸ್ನೇಹಿತಾನೂ ಇಬ್ರೇ. ಬಂದಿದ್ದು ನಾನೊಬ್ನೇ. ಅವತ್ತಿಂದ ಮೊದ್ಲು ಎದ್ದು ಹೋಗೋಕೆ ಬರಲ್ಲ ನಂಗೆ.”

ಅದರಲ್ಲಿ ಕುಟುಕು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನಗೆ ನಾಚಿಕೆಯಾಯಿತು. ಹತ್ತು ಸಂಕ್ರಾಂತಿ ಪಕ್ಕದ ಎಲೆಯಲ್ಲಿ ಉಂಡ ಮನುಷ್ಯನನ್ನು ನೀವು ಎಲ್ಲೆಲ್ಲಿದ್ದಿರಿ ಎಂದು ಒಂದು ದಿನವೂ ಕೇಳಿರಲಿಲ್ಲ. ಅವರ ಅನ್ನಕ್ಕೂ ಅವರ ಗೆಳೆಯನ ಸಾವಿಗೂ ಕಜ್ಜಾಯ ಜಗಿಯುತ್ತ ತೀರ್ಪು ಕೊಟ್ಟಿದ್ದೆ. ಕ್ಷಮೆ ಕೇಳಬೇಕೆಂದು ಎದ್ದು ನಿಂತೆ. “ಇಡ್ಲಿ ಆರ್ತದೆ, ತಿನ್ನಿ” ಎಂದು ಅವರೇ ನನ್ನನ್ನು ಪಾರು ಮಾಡಿ ಬಸ್ಸಿಗೆ ಹೋದರು. ಸೈನ್ಯ ವಾಪಸ್ ಬರಲು ಲಾರಿಗಳಾದರೂ ಇರುತ್ತವೆ. ಆಡಿದ ಮಾತಿಗೆ ಆ ಅನುಕೂಲವೂ ಇಲ್ಲ.

ಮತ್ತೆ ಸಂಕ್ರಾಂತಿ ಬಂತು, ನೆರವು ಬರಲಿಲ್ಲ. ಹಬ್ಬದ ಬೆಳಿಗ್ಗೆ ಮಿಷನ್ ತಿರುಗಿಸಿಯೇ ಅಪ್ಪಾರಾವ್ ರೈಲು ಹತ್ತಿದ್ದರು. ಬರುವುದು ಮೂರು ಗಂಟೆಗೆ. ಹನ್ನೆರಡಕ್ಕೇ ಎಲೆ ಹಾಕಿದ ಅತ್ತೆಗೆ, ಅವರು ಬರಲಿ ಎಂದೆ. ಅತ್ತೆ ಗಾಬರಿಯಾದರು.

“ಯಾಕಪ್ಪಾ, ನಮ್ಮಿಂದ ಏನಾರ ತಪ್ಪಾತೇನು?”

ಹಸಿದು ಕೂತ ಅಳಿಯ ಆ ಮನೆಗೆ ಅಪಶಕುನ. ಮೂರು ತಾಸು ನಾನು ಅಪಶಕುನವಾಗಿಯೇ ಕೂತೆ.

ಅಪ್ಪಾರಾವ್ ಬಂದರು. ಎಷ್ಟು ತೊಳೆದರೂ ಉಗುರಿನ ಸಂದಿಯ ಗ್ರೀಸ್ ಹೋಗಿರಲಿಲ್ಲ. ಬಡಿಸಿದ ಮೇಲೂ ಪದ್ಧತಿಯಂತೆ ನನ್ನ ಮೊದಲ ತುತ್ತಿಗಾಗಿ ಕಾದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

“ಹ್ವಾದ ವರ್ಷ ನಾ ಅಂದದ್ದು ತಪ್ಪು, ಅಪ್ಪಾರಾವ್. ಮುಂದಿನವರು ದಾಟೋತನಕ ಹಿಂದಿನವರು ನಿಲ್ಲಬೇಕು ಅಂದಿದ್ರಲ್ಲ? ಇವತ್ತ ಹಿಂದ ನಾ ನಿಲ್ತೀನಿ. ನೀವು ಉಣ್ರಿ.”

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಅನ್ನ ಕಲೆಸಿ ಮೊದಲ ತುತ್ತು ಎತ್ತಿದರು.

ಟೀವಿಯಲ್ಲಿ ಅದೇ ಕಾರ್ಖಾನೆಗಳ ಚರ್ಚೆ ನಡೆದಿತ್ತು. ಮಾವ ರೂಢಿಯಂತೆ ನನ್ನ ಕಡೆ ತಿರುಗಿ ಏನನ್ನುತ್ತೀರಿ ಎಂದರು. ನನ್ನ ಹೊಟ್ಟೆ ಇನ್ನೂ ಖಾಲಿಯಿತ್ತು, ಯಾವ ಅಭಿಪ್ರಾಯವೂ ಬರಲಿಲ್ಲ. ಅಪ್ಪಾರಾವ್ ಅವರನ್ನು ಕೇಳಿ ಎಂದೆ.