ಕುದುರೆ ಸರಿದ ಮ್ಯಾಂಡೊಲಿನ್

ನಮ್ಮಪ್ಪ ಹುಣಸೂರಿನಲ್ಲಿ ಗಾಡಿ ಮಾಡುವ ಆಚಾರಿ. ಕಾಕನಕೋಟೆಯ ಮರ ಡಿಪೋದಲ್ಲಿ ಇಳಿದರೆ, ಕೊಳ್ಳುವ ಮುಂಚೆ ಹಲಗೆಯ ಒಂದು ತುದಿಗೆ ಮುಖ ತಂದು, ಒಂದು ಕಣ್ಣು ಮುಚ್ಚಿ ಉದ್ದಕ್ಕೂ ನೋಡುತ್ತಿದ್ದ. ಎಲ್ಲಿ ಸೊಟ್ಟಗಿದೆ, ಎಲ್ಲಿ ಉಬ್ಬಿದೆ ಎಂಬುದು ಅಳತೆಗೋಲಿಲ್ಲದೆ ತಿಳಿಯುತ್ತಿತ್ತು. ನೋಡಿ ನೋಡಿ ನನಗೂ ಅದು ಬಂತು. ಅಣ್ಣನಿಗೆ ಮಾತ್ರ ಉಳಿ, ಉಜ್ಜುಗೊರಡು ಯಾವುದೂ ಒಗ್ಗಲಿಲ್ಲ. ಅವನು ನಾಟಕದ ಕಂಪನಿ ಸೇರಿ ಮ್ಯಾಂಡೊಲಿನ್ ಬಾರಿಸುವವನಾದ. ಮಳೆಗಾಲದಲ್ಲಿ ಕಂಪನಿಗೆ ಬಿಡುವಾದಾಗ ಊರಿಗೆ ಬಂದು, ಜಗಲಿಯ ಮೇಲೆ ಕೂತು ನನಗೂ ಕಲಿಸಿದ. ಬಾರಿಸುವುದಕ್ಕಿಂತ ಮೊದಲು ಕಲಿಸಿದ್ದು ವಾದ್ಯವನ್ನು ಪರೀಕ್ಷೆ ಮಾಡುವುದನ್ನು.

"ದುಬಾರಿ ವಾದ್ಯವ ಯಾರ್ ಬೇಕಾದ್ರೂ ಆರಿಸ್ತಾರೆ ಕಣಮ್ಮಿ. ಅಗ್ಗದ್ರಲ್ಲಿ ಒಳ್ಳೇದ್ನ ಎತ್ಕೊಂಡ್ ಬರೋದದಲ್ಲ, ಅದೇ ಇದ್ಯೆ," ಅನ್ನುತ್ತಿದ್ದ.

ಮದುವೆಯಾಗಿ ನಾನು ಕೃಷ್ಣರಾಜನಗರಕ್ಕೆ ಬಂದೆ. ಹೊಳೆಯ ನೆರೆಗೆ ಸಿಕ್ಕ ಹಳೆಯ ಎಡತೊರೆಯ ಜನ ಎದ್ದು ಬಂದು ಹೊಸ ಊರು ಕಟ್ಟುತ್ತಿದ್ದ ಕಾಲ ಅದು. ಅಳೆದು ಹಾಕಿದ ನೇರ ಬೀದಿಗಳು, ಎಲ್ಲಿ ನೋಡಿದರೂ ಬಾಗಿಲು ಕಿಟಕಿಯ ಕೆಲಸ. ನಮ್ಮ ಯಜಮಾನರದೂ ಮರಗೆಲಸವೇ. ದಿನವಿಡೀ ಚೌಕಟ್ಟು ಕೂರಿಸಿ ಬಂದವರು ಸಂಜೆ ಊರಿನ ನಾಟಕದವರಿಗೆ ಸ್ಟೇಜು, ಸಿಂಹಾಸನ ಮಾಡಿಕೊಡುತ್ತಿದ್ದರು. ಆ ತಂಡದ ಒಡೆತನ ಜವಳಿ ಅಂಗಡಿಯ ಸಾಹುಕಾರರದು. ಯಾವ ನಾಟಕವಾದರೂ ರಾಜನ ಪಾತ್ರ ಅವರದೇ. ಆ ವರ್ಷ ಅವರಿಗೆ, ದೊಡ್ಡ ಕಂಪನಿಗಳ ಹಾಗೆ ತಮ್ಮ ಹಾಡಿಗೂ ಹಾರ್ಮೋನಿಯಂ ಜೊತೆ ಮ್ಯಾಂಡೊಲಿನ್ ಬೇಕು ಎನಿಸಿತು.

"ನಮ್ಮನೆಯವಳಿಗೆ ಅದ್ರ ಮರ್ಮ ಗೊತ್ತು, ಅವಳ್ನೂ ಕರ್ಕೊಂಡೋಗವ," ಎಂದು ನಮ್ಮ ಯಜಮಾನರು ಹೇಳಿದರು. ಸಾಹುಕಾರರು ನಕ್ಕರು. ಆದರೆ ಬೇಡ ಎನ್ನಲಿಲ್ಲ. ಮೂವರೂ ರೈಲು ಹತ್ತಿ ಮೈಸೂರಿಗೆ ಹೋದೆವು.

ಮಾರ್ಕೆಟ್ಟಿನ ಹಿಂದಿನ ಸಣ್ಣ ಬೀದಿಯಲ್ಲಿ ವಾದ್ಯದ ಅಂಗಡಿ. ಅಂಗಡಿಯವರು ವಯಸ್ಸಾದವರು, ತಲೆಗೆ ಜರಿ ಅಂಚಿನ ರುಮಾಲು. ನಮ್ಮ ಕೈಗೆಟುಕುವ ಬೆಲೆಯವನ್ನು ಚಾಪೆಯ ಮೇಲೆ ಸಾಲಾಗಿ ಇಟ್ಟರು. ಅದರಲ್ಲೊಂದು ಮೇಲೆಲ್ಲ ಹೊಳಪು ಬಳಿದದ್ದು; ಮುಖದ ಮೇಲೆ ಚಿಪ್ಪಿನಲ್ಲಿ ಗಿಳಿಯನ್ನು ಕೂರಿಸಿದ್ದರು. ಸಾಹುಕಾರರ ಕಣ್ಣು ಅಲ್ಲೇ ನಿಂತಿತು.

ನಾನು ಅದನ್ನೇ ಮೊದಲು ಎತ್ತಿಕೊಂಡೆ. ಕತ್ತಿನ ತುದಿಗೆ ಕಣ್ಣಿಟ್ಟು ನೋಡಿದರೆ, ಮಳೆಗೆ ನೆಂದು ಬಿಸಿಲಿಗೆ ಒಣಗಿದ ಹಲಗೆಯ ಹಾಗೆ ಮುಂದಕ್ಕೆ ಬಾಗಿತ್ತು. ಕತ್ತಿನ ಉದ್ದಕ್ಕೂ ಅಡ್ಡ ಕೂರಿಸಿದ ಲೋಹದ ಮೆಟ್ಟುಗಳಲ್ಲಿ ಮೇಲಿನವುಗಳ ಹತ್ತಿರ ತಂತಿ ಎಷ್ಟು ಎತ್ತರ ಎದ್ದು ನಿಂತಿತ್ತೆಂದರೆ, ಒತ್ತಿದರೆ ಬೆರಳು ನೋಯುತ್ತಿತ್ತು. ಮೆಟ್ಟುಗಳ ತುದಿಗೆ ಅರ ಹಾಕದೆ ಬಿಟ್ಟಿದ್ದರಿಂದ ಅಂಗೈಗೆ ಚುಚ್ಚುತ್ತಿತ್ತು. ತಂತಿ ಬಿಗಿಯುವ ಬಿರಡೆ ತಿರುಗಿಸಿದರೆ ಹಲ್ಲಿನ ಚಕ್ರ ಹಿಡಿಯುವುದು, ಬಿಡುವುದು, ಮತ್ತೆ ಹಿಡಿಯುವುದು.

"ಇದು ಬೇಡಿ," ಎಂದೆ.

"ಗಿಳಿ ಎಷ್ಟು ಚೆಂದಾಗದಲ್ವಾ?" ಎಂದರು ಸಾಹುಕಾರರು.

"ಗಿಳಿ ಚೆಂದಾಗದೆ ಕಣಣ್ಣ. ಹಾಡೋದು ತಂತಿ."

ಉಳಿದವು ಅಷ್ಟೇನೂ ಕೆಟ್ಟವಲ್ಲ, ಅಷ್ಟೇನೂ ಒಳ್ಳೆಯವೂ ಅಲ್ಲ. ಒಂದರ ಹೊಟ್ಟೆ ಕುಸಿದಿತ್ತು. ಇನ್ನೊಂದರ ಮರ ದಪ್ಪ. ಮೀಟಿದರೆ ದನಿ ಅಲ್ಲೇ ಬಿದ್ದು ಸಾಯುತ್ತಿತ್ತು. ಅಷ್ಟರಲ್ಲಿ ಮೂಲೆಯಲ್ಲಿ, ತಬಲದ ಹಳೇ ಚರ್ಮಗಳ ಮೇಲೆ, ಧೂಳು ಹಿಡಿದ ಕಂದು ಬಣ್ಣದ ಮ್ಯಾಂಡೊಲಿನ್ ಕಂಡಿತು. ಅಲಂಕಾರ ಒಂದೂ ಇಲ್ಲ. ಅದನ್ನು ಕೊಡಿ ಎಂದೆ.

"ಅದು ನಿಮಗೆ ಬೇಡ ತಾಯಿ," ಎಂದರು ಅಂಗಡಿಯವರು. "ಶ್ರುತಿಗೆ ನಿಲ್ಲೋದಿಲ್ಲ. ತಗೊಂಡು ಹೋದವರು ವಾಪಸ್ ತಂದರು. ಬೇಕೇ ಬೇಕು ಅಂದರೆ ಸೌದೆಯ ಬೆಲೆಗೆ ಕೊಡ್ತೀನಿ."

ಸೆರಗಿನಿಂದ ಧೂಳೊರೆಸಿ ಕಣ್ಣಿಟ್ಟು ನೋಡಿದೆ. ಕತ್ತು ಅಳೆದು ಗೆರೆ ಎಳೆದ ಹಾಗೆ ನೆಟ್ಟಗಿತ್ತು. ನಮ್ಮ ಯಜಮಾನರ ಕೈಗೆ ಕೊಟ್ಟೆ. ಅವರು ಹಿಂಬದಿಯನ್ನು ಉಗುರಿನಿಂದ ಗೀರಿ, ಮೂಗಿನ ಹತ್ತಿರ ಹಿಡಿದು, "ಬೀಟೆ ಕಣೆ, ಚೆನ್ನಾಗ್ ಒಣಗಿರೋ ಬೀಟೆ," ಎಂದು ಪಿಸುಗುಟ್ಟಿದರು. ಬಿರಡೆಗಳೂ ಬೆಣ್ಣೆಯ ಹಾಗೆ ತಿರುಗಿದವು. ಇಷ್ಟೆಲ್ಲ ಸರಿಯಿದ್ದ ಮೇಲೆ ಶ್ರುತಿ ಯಾಕೆ ಕೆಡಬೇಕು?

ಬರೀ ತಂತಿಗಳನ್ನು ಶ್ರುತಿ ಮಾಡಿ, ಎಲ್ಲೂ ಒತ್ತದೆ ಮೀಟಿದೆ. ಚೆನ್ನಾಗಿತ್ತು. ಮೆಟ್ಟಿನ ಮೇಲೆ ಬೆರಳಿಟ್ಟ ಕೂಡಲೇ ಅಪಸ್ವರ. ಅಣ್ಣ ಹೇಳಿಕೊಟ್ಟದ್ದು ನೆನಪಾಯಿತು: ತಂತಿಯ ಸರಿ ಅರ್ಧಕ್ಕಿರುವ ನಡುಮೆಟ್ಟಿನಲ್ಲಿ ಒತ್ತಿದರೆ ಬರೀ ತಂತಿಯ ಸ್ವರವೇ ಮೇಲಿನ ಸ್ಥಾಯಿಯಲ್ಲಿ ನುಡಿಯಬೇಕು. ಒತ್ತಿ ನೋಡಿದೆ. ಅದಕ್ಕಿಂತ ಏರಿ ನುಡಿಯಿತು. ತಂತಿಗಳನ್ನು ಹೊತ್ತು ನಿಲ್ಲುವ ಸಣ್ಣ ಮರದ ಕುದುರೆ ಮ್ಯಾಂಡೊಲಿನ್‌ನಲ್ಲಿ ಅಂಟಿಸಿದ್ದಲ್ಲ. ತಂತಿಯ ಬಿಗಿಗೆ ನಿಂತಿರುತ್ತದೆ, ಅಷ್ಟೇ. ಬಗ್ಗಿ ನೋಡಿದೆ. ಕುದುರೆಯ ಹಿಂದೆ, ಬಣ್ಣ ಮಾಸದ ಎರಡು ಪುಟ್ಟ ಗುರುತು. ಅದು ಮೊದಲು ನಿಂತಿದ್ದ ಜಾಗ! ತಂತಿ ಬದಲಿಸುವಾಗ ಯಾರೋ ಕತ್ತಿನ ಕಡೆಗೆ ತಳ್ಳಿಬಿಟ್ಟಿದ್ದರು. ವಾದ್ಯದ ರೋಗ ಅಷ್ಟೇ.

ತಂತಿ ಸಡಿಲಿಸಿ, ಕುದುರೆಯನ್ನು ಆ ಗುರುತಿನ ಮೇಲೆ ಹಿಂದಕ್ಕೆ ಸರಿಸಿ, ಮತ್ತೆ ಬಿಗಿದೆ. ನಡುಮೆಟ್ಟಿನಲ್ಲಿ ಒತ್ತಿದೆ. ಬರೀ ತಂತಿಯೂ ಆ ಸ್ವರವೂ ಅಕ್ಕತಂಗಿಯರ ಹಾಗೆ ಒಂದಾದವು. ಮೋಹನ ರಾಗದಲ್ಲಿ ನಾಲ್ಕು ಸಾಲು ನುಡಿಸಿದೆ. ಬೀದಿಯಲ್ಲಿ ಹೋಗುತ್ತಿದ್ದ ಹೂವಿನವಳು ಬುಟ್ಟಿ ಹೊತ್ತೇ ನಿಂತಳು. ಅವಳಿಗೆಂದೇ ಅದನ್ನು ಇನ್ನೊಮ್ಮೆ ನುಡಿಸಿದೆ.

ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು. "ಈಗ ಇದರ ಬೆಲೆ ಬೇರೆ ಆಯ್ತಲ್ಲ ತಾಯಿ!" ಎಂದು ನಕ್ಕು, "ಇರಲಿ, ಬಾಯಿಂದ ಬಂದ ಮಾತು ಬಂತು. ಆದರೆ ಮಿಕ್ಕವನ್ನೂ ಒಂದು ಸಲ ನೋಡಿಕೊಟ್ಟು ಹೋಗಬೇಕು," ಎಂದರು. ನಾನು ಸಂತೋಷದಿಂದಲೇ ಕೂತು ಒಂದೊಂದರ ಕುದುರೆಯನ್ನೂ ಸರಿಮಾಡಿದೆ. ಅದಕ್ಕೆ ಒಂದು ಜೊತೆ ಹೊಸ ತಂತಿ ಉಡುಗೊರೆಯಾಗಿ ಬಂತು.

ಸಾಹುಕಾರರು ಮಾತ್ರ ಒಪ್ಪಲಿಲ್ಲ. "ಸ್ಟೇಜ್ ತಾವ ಕಣ್ಣಿಗೆ ಬೀಳ್ಬೇಕು ಕಣವ್ವ," ಎಂದು ತಂಡಕ್ಕೆ ಗಿಳಿಯದನ್ನೇ ಕೊಂಡರು. ಕಂದು ಬಣ್ಣದ್ದನ್ನು ನಮ್ಮ ಯಜಮಾನರು ನನಗೇ ಕೊಡಿಸಿದರು. ರೈಲಿನಲ್ಲಿ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಬಂದೆ.

ತಾಲೀಮು ಶುರುವಾಯಿತು. ಗಿಳಿಯ ಮ್ಯಾಂಡೊಲಿನ್ ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತಿತ್ತು. ಅದನ್ನು ಬಾರಿಸಲು ತಂಡ ಸೇರಿದ್ದ ಅಂಚೆ ಕಚೇರಿಯವರೊಬ್ಬರ ಬೆರಳಿಗೆ ಬಟ್ಟೆ ಸುತ್ತುವ ಹಾಗಾಯಿತು. ನಾಟಕಕ್ಕೆ ಕೆಲವೇ ದಿನ ಇರುವಾಗ ಸಾಹುಕಾರರು ನಮ್ಮ ಮನೆಗೆ ಬಂದರು. ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು: "ಅಮ್ಮಾ, ನಿಮ್ಮ ಸೊಸೆ ವಾದ್ಯವ ನಾಟ್ಕ ಮುಗಿಯೋಗಂಟ ಕೊಡ್ಸಿ."

ಅತ್ತೆ ರಾಗಿ ಕೇರುತ್ತಿದ್ದರು. ಮೊರ ಕೆಳಗಿಟ್ಟರು.

"ವಾದ್ಯ ಒಂದ್ನೇ ಕಳ್ಸಾಕಿಲ್ಲ ಸಾವ್ಕಾರ್ರೇ. ಬೇಕಾದ್ರೆ ಸೊಸೇನೂ ಬತ್ತಾಳೆ."

"ಎಂಗುಸ್ರು ಸ್ಟೇಜ್ ತಾವ ಕೂತ್ರೆ ಜನ ಏನಂದಾರು?"

"ನೀವು ರಾಜ್ರಾಗಿ ನಿಂತು ಸುರುತಿ ಬುಟ್ಟು ಆಡುದ್ರೆ ಜನ ಏನಂದಾರು? ಅದ್ನ ಯೋಚ್ನೆ ಮಾಡಿ. ಅವಳ ಪಕ್ಕದಲ್ಲಿ ನಾನೂ ಕೂತ್ಕತೀನಿ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಅತ್ತೆಯ ಕಾಲಿಗೆ ಬೀಳಬೇಕೆನಿಸಿತು. ಅಲ್ಲಿಯವರೆಗೆ ಅವರು ನಾನು ಬಾರಿಸುವುದನ್ನು ಕೇಳಿ ಒಂದು ಮಾತೂ ಆಡಿದವರಲ್ಲ.

ನಾಟಕದ ದಿನ ಗ್ಯಾಸ್‌ಲೈಟು ಹತ್ತಿಸುತ್ತಿದ್ದಂತೆ ನಾವಿಬ್ಬರೂ ಹೋಗಿ ಹಾರ್ಮೋನಿಯಂನವರ ಪಕ್ಕ ಕೂತೆವು. ಅತ್ತೆ ಮದುವೆಯ ಸೀರೆ ಉಟ್ಟಿದ್ದರು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅತ್ತೆ ತಿರುಗಿ ಒಮ್ಮೆ ನೋಡಿದರು, ನಿಂತಿತು. ರಾಜ ಬಂದ. ಪಲ್ಲವಿ ಹಾಡಿ ಬಿಟ್ಟ ಕಡೆ ನಾನು ಹಿಡಿದೆ. ಜೋಡಿ ತಂತಿಗಳ ಕಿಣಿಕಿಣಿ ಬಯಲಿನ ಕೊನೆಯವರೆಗೂ ಹರಿದು ಹೋಯಿತು. ಹಾಡು ಮುಗಿಯುತ್ತಿದ್ದಂತೆ ಜನ ಕೂಗಿದರು: "ವನ್ಸ್ ಮೋರ್! ವನ್ಸ್ ಮೋರ್!" ಸಾಹುಕಾರರು ಹಾಡಿದರು, ಜನ ಮತ್ತೆ ಹಾಡಿಸಿದರು, ಮತ್ತೆಯೂ ಹಾಡಿದರು. ಕೊನೆಗೆ ಕಿರೀಟ ಸರಿಮಾಡಿಕೊಂಡು ನಮ್ಮ ಕಡೆ ತಿರುಗಿ, ಎಲ್ಲರಿಗೂ ಕಾಣುವ ಹಾಗೆ ಕೈಮುಗಿದರು. ಅತ್ತೆ ನನ್ನ ತೊಡೆ ಹಿಂಡಿದರು. ಎರಡು ದಿನ ಕೆಂಪಗಿತ್ತು, ಅಷ್ಟು ಸಂಭ್ರಮ ಅವರಿಗೆ.

ಆಮೇಲೆ ನನ್ನ ಹೆಸರು ನನಗಿಂತ ಮುಂದೆ ತಿರುಗಿತು. ಹೊಸ ಅಗ್ರಹಾರದ ಭಜನೆಯವರು ಬಂದರು, ಹಂಪಾಪುರದವರು ಗಾಡಿ ಕಟ್ಟಿಕೊಂಡು ಬಂದರು. "ಅವ್ವಾ, ಇದ್ನ ತಗಬೋದಾ?" ಎಂದು ಕೇಳಿ, ನಾನು ತಲೆಯಾಡಿಸುವವರೆಗೆ ಗಂಟು ಬಿಚ್ಚುತ್ತಿರಲಿಲ್ಲ.

ಒಮ್ಮೆ ಪಿರಿಯಾಪಟ್ಟಣದಲ್ಲಿ, ಕೊಡಗಿನ ತೋಟದಿಂದ ಬಂದ ಒಂದು ಮ್ಯಾಂಡೊಲಿನ್ ಮಾರಾಟಕ್ಕಿದೆ ಎಂದು ನಾಟಕದ ಹುಡುಗರು ಕರೆಸಿದರು. ಮುಖದ ತುಂಬ ಬಳ್ಳಿ, ಹೂವು, ಅಂಚಿಗೆಲ್ಲ ಚಿಪ್ಪು. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುತ್ತಿತ್ತು. ನಾನು ಹೊಳಪಿನದನ್ನು ಬೇಡ ಎನ್ನುವವಳು ಎಂದು ಕೇಳಿದ್ದರೇನೋ, ಹುಡುಗರ ಮುಖ ಆಗಲೇ ಬಾಡಿತ್ತು. ಕಣ್ಣಿಟ್ಟು ನೋಡಿದೆ, ತಟ್ಟಿದೆ, ಪ್ರತಿ ಮೆಟ್ಟನ್ನೂ ಒತ್ತಿ ಕೇಳಿದೆ. ಕೇಳುತ್ತಿದ್ದ ಬೆಲೆಗೆ ಅದರ ಅರ್ಧ ಗುಣ ಇದ್ದರೂ ಸಾಕಿತ್ತು.

"ಒಳಗೂ ಹಿಂಗೇ ಹೊಳೀತದೆ ಕಣ್ರಪ್ಪಾ," ಎಂದೆ. "ಇನ್ನೇನ್ ನೋಡ್ತಾ ನಿಂತಿದ್ದೀರಿ? ಬೇರೆಯವ್ರು ಬರೋ ಮುಂಚೆ ಎತ್ಕೊಳ್ಳಿ!"

ಹುಡುಗರು ಖುಷಿಯಲ್ಲಿ ಕೂಗಿದ ಕೂಗಿಗೆ ಎದುರು ಅಂಗಡಿಯವರು ಏನಾಯಿತೋ ಎಂದು ಬೀದಿಗೆ ಓಡಿ ಬಂದರು.