ಪೈಪು ಎರಡು ಸಲ ಜಗ್ಗಿದಾಗ

ಕಳೆದ ವರ್ಷದ ಮಾತು. ಸವದತ್ತಿಯ ಒಂದು ಕಲ್ಯಾಣ ಮಂಟಪದ ಅಡುಗೆಮನೆಯನ್ನು ನಾನು, ನಮ್ಮ ಯಜಮಾನರು ಸೇರಿ ತೊಳೆಯುತ್ತಿದ್ದೆವು. ಹೋಟೆಲು, ಖಾನಾವಳಿಗಳನ್ನು ತೊಳೆದುಕೊಡುವುದೇ ನಮ್ಮ ಉದ್ಯೋಗ. ನೀರು ಚಿಮ್ಮಿಸುವ ಪ್ರೆಶರ್ ಮಷೀನು ಅಂಗಳದಲ್ಲಿ ಅಬ್ಬರಿಸುವಾಗ ಕೂಗಿದರೂ ಕೇಳುವುದಿಲ್ಲ. ಅದಕ್ಕೇ ಒಳಗೆ ನೀರಿನ ಗನ್ ಹಿಡಿದವರಿಗೆ ಹೊರಗಿನವರು ಪೈಪು ಜಗ್ಗಿ ಹೇಳಬೇಕು. ಎರಡು ಸಲ ಜಗ್ಗಿದರೆ ನಿಲ್ಲಿಸು ಎಂದರ್ಥ. ಅವತ್ತು ಹಾಗೆ ಜಗ್ಗಿದಾಗ ಗಾಬರಿಯಿಂದ ಓಡಿ ಬಂದೆ. ನೋಡಿದರೆ, ಅವರು ಚಹಾ ಹಿಡಿದು ನಗುತ್ತ ನಿಂತಿದ್ದರು. ಆಮೇಲೆ ಒಳಗೆ ಬಂದು ಗೋಡೆಯ ಜಿಡ್ಡನ್ನು ಉಗುರಿನಿಂದ ಕೆರೆದು, "ಇದು ತಣ್ಣೀರಿಗೆ ಬಗ್ಗೂದಲ್ಲ. ಬಿಸಿನೀರಿನ ಮಷೀನ್ ಬರಲಿ, ನೀ ಬರೇ ನೋಡಕೋತ ನಿಂದರು" ಎಂದರು.

ಮರುದಿನ ಬೆಳಗಾಗುವಷ್ಟರಲ್ಲಿ ಎದೆನೋವು ಬಂದು ಹೋಗಿಬಿಟ್ಟರು.

ಅವರು ಹೇಳಿಟ್ಟಿದ್ದ ಮಷೀನು ಆಮೇಲೆ ಬಂತು. ಅದನ್ನು ನೋಡಿದರೆ ಮಗನೇ ಕಣ್ಣಿಗೆ ಕಟ್ಟುತ್ತಾನೆ, ವಾಪಸು ಕಳಿಸು ಎಂದು ಅತ್ತೆ ಹಟ ಹಿಡಿದರು. ನನಗೆ ಗೊತ್ತಿದ್ದ ಕೆಲಸ ಇದೊಂದೇ. ಯರಗಟ್ಟಿಯಲ್ಲಿ ಖಾನಾವಳಿ ನಡೆಸುವ ಗಿರಿಜಕ್ಕ ಅಡುಗೆಮನೆ ತೊಳೆಯಲು ಕರೆದಿದ್ದರು. ಅಲ್ಲಿ ಒಂದು ಸಲ ನೋಡೋಣ, ಆಗದಿದ್ದರೆ ಕಳಿಸಿಬಿಡೋಣ ಎಂದೆ. ಮಷೀನಿನ ಹತ್ತಿರ ನಿಲ್ಲಲು ಬೇರೆ ಯಾರೂ ಇರಲಿಲ್ಲ. ಅತ್ತೆಯೇ ಬಂದು, ಮುಖ ಆ ಕಡೆ ಮಾಡಿಕೊಂಡು ನಿಂತರು.

ಸ್ವಿಚ್ ಬೋರ್ಡಿಗೆ ಪ್ಲಾಸ್ಟಿಕ್ ಕಟ್ಟಿ, ನೀರು ಕಾಯಿಸುವ ಡೀಸೆಲ್ ಬರ್ನರ್ ಹಚ್ಚಿ ಗನ್ ಒತ್ತಿದೆ. ಜಿಡ್ಡು ಅಲುಗಲಿಲ್ಲ. ಹಳೆಯ ರೂಢಿಯಂತೆ ಪ್ರೆಶರ್ ಏರಿಸಿದೆ. ಕರಿ ನೀರು ನನ್ನ ಮುಖಕ್ಕೇ ಸಿಡಿಯಿತು. ಬಾಗಿಲಲ್ಲಿದ್ದ ಗಿರಿಜಕ್ಕ, "ಗ್ವಾಡಿ ತೊಳ್ಯಾಕ ಬಂದಿಯೇನ, ಜಳಕ ಮಾಡಾಕ ಬಂದಿಯೇನ?" ಎಂದರು.

ಆ ನೀರು ಉಗುರುಬೆಚ್ಚಗಷ್ಟೇ ಇತ್ತು. ಅವಸರ ಮಾಡಿದ್ದೆನೆಂದು ಆಗ ಹೊಳೆಯಿತು. ಪ್ರೆಶರ್ ಇಳಿಸಿ, ನೀರನ್ನು ಗಟಾರಕ್ಕೆ ಬಿಡುತ್ತ ನಿಂತೆ. ಮೆಲ್ಲಗೆ ಹಬೆ ಎದ್ದಿತು. ಗನ್ನನ್ನು ಗೋಡೆಗೆ ತಿರುಗಿಸಿದ್ದೇ ತಡ, ವರ್ಷಗಟ್ಟಲೆ ಕೂತಿದ್ದ ಜಿಡ್ಡು ಕರಗಿದ ಬೆಲ್ಲದಂತೆ ಇಳಿಯತೊಡಗಿತು. ಅದರ ಅಡಿಯಿಂದ ನೀಲಿ ಟೈಲ್ಸ್ ಬಂತು, ಅದರ ಮೇಲೆ ಸಣ್ಣ ಸಣ್ಣ ಹೂವು. ಈ ಹೂವು ಇದ್ದದ್ದನ್ನು ಗಿರಿಜಕ್ಕನೇ ಮರೆತಿದ್ದರಂತೆ. ಇನ್ನೊಂದು ಸಾಲು, ಇನ್ನೊಂದು ಸಾಲು ಎಂದು ಓಡುತ್ತಿದ್ದೆ.

ಆಗ ಪೈಪು ಎರಡು ಸಲ ಜಗ್ಗಿತು.

ಗನ್ ಕೆಳಗಿಟ್ಟು, ಗೋಡೆ ತೋರಿಸಬೇಕೆಂದು ನಗುತ್ತಲೇ ಹೊರಗೆ ಓಡಿದೆ. ಅವರಿಲ್ಲ ಎಂಬುದು ಅಷ್ಟು ಹೊತ್ತು ಮರೆತೇ ಹೋಗಿತ್ತು. ಅಂಗಳದಲ್ಲಿ ಪೈಪು ಹಿಡಿದು ಅತ್ತೆ ನಿಂತಿದ್ದರು.

"ಏನಾತ್ರಿ ಅತ್ತಿ?"

"ಏನೂ ಆಗಿಲ್ಲ. ನಾ ನೋಡೂದ ಬ್ಯಾಡೇನು?"

ಒಳಗೆ ಬಂದರು. ಇನ್ನೂ ಬೆಚ್ಚಗಿದ್ದ ಗೋಡೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಆ ಮೂಲಿ ಉಳದೈತಿ, ನೋಡು" ಎಂದು ತಾವೇ ಮಷೀನಿನ ಹತ್ತಿರ ಹೋದರು. ವಾಪಸು ಕಳಿಸುವ ಮಾತು ಮತ್ತೆ ಬರಲಿಲ್ಲ.

ಈಗ ಬೈಲಹೊಂಗಲ, ಕಿತ್ತೂರಿನಿಂದಲೂ ನಮ್ಮಿಬ್ಬರನ್ನು ಕರೆಯುತ್ತಾರೆ. ಹಬೆ ಎದ್ದಾಗಲೆಲ್ಲ ನನಗೆ ಮೊದಲ ದಿನದ್ದೇ ಹುರುಪು. ಚಹಾ ಬಂದಾಗ ಅತ್ತೆ ಪೈಪು ಜಗ್ಗುತ್ತಾರೆ. ಆದರೆ ನಮ್ಮ ಯಜಮಾನರು ಈ ಮಷೀನಿನಿಂದ ತೊಳೆದ ಗೋಡೆ ಒಂದೂ ಇಲ್ಲ.