ಬೆನ್ ತ್ರೆಗೆ ಹೋಗದ ಸುನಂದಾ ಮೇಡಂ

ಸುನಂದಾ ಮೇಡಂ ಬೋರ್ಡಿನಿಂದ ಸೀಮೆಸುಣ್ಣ ಎತ್ತದೆ ಒಂದೇ ಗೆರೆಯಲ್ಲಿ ಪ್ರಪಂಚದ ನಕ್ಷೆ ಬರೆಯುತ್ತಿದ್ದರು. ಅಲಾಸ್ಕಾದಿಂದ ಹೊರಟ ಕೈ ಅಮೆರಿಕದ ಸೊಂಟ ಬಳಸಿ ಕೆಳಗಿಳಿದು, ಅಟ್ಲಾಂಟಿಕ್ ದಾಟಿ, ಆಫ್ರಿಕಾದ ಹೊಟ್ಟೆ ಸುತ್ತಿ, ಯುರೋಪಿನ ಹರಕು ಅಂಚಿನ ಮೇಲೆ ಹಾದು ನಮ್ಮ ಕಡೆಗೆ ಬರುತ್ತಿತ್ತು. ಕೊನೆಗೆ ಕನ್ಯಾಕುಮಾರಿಯ ಮೇಲುಗಡೆ ಒಂದು ಚುಕ್ಕೆ. "ಇದು ತುಮಕೂರು. ಇಲ್ಲಿಂದ ಹೊರಡಾಣ" ಎಂದು ಕೈ ಕೊಡವಿಕೊಂಡು ಪಾಠ ಶುರು ಮಾಡುತ್ತಿದ್ದರು. ಗೆರೆ ಸಮುದ್ರದ ಮೇಲೂ ಹೋಗಿದೆಯಲ್ಲ ಎಂದು ಯಾರಾದರೂ ಕೇಳಿದರೆ, "ಅದು ಹಡಗು ಹೋದ ದಾರಿ ಅನ್ಕೊಳ್ರಪ್ಪ. ಹಡಗಿಲ್ದೆ ಇಂಟರ್‌ನ್ಯಾಷನಲ್ ಬಿಸಿನೆಸ್ ಎಲ್ಲಿಂದ ಬಂತು?" ಎನ್ನುತ್ತಿದ್ದರು.

ಅವರು ಸಮುದ್ರ ನೋಡಿದ್ದು ಜೀವಮಾನದಲ್ಲಿ ಒಂದೇ ಸಲ, ಮಂಗಳೂರಿನಲ್ಲಿ, ಅಣ್ಣನ ಮಗನ ಮದುವೆಗೆ ಹೋದಾಗ.

ನಾನು ತುಮಕೂರಿನ ಒಂದು ಖಾಸಗಿ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದ ಕಾಲ ಅದು. ಸುನಂದಾ ಮೇಡಂ ನಮಗೆ ಅಂತರರಾಷ್ಟ್ರೀಯ ವ್ಯಾಪಾರ ಕಲಿಸುತ್ತಿದ್ದರು. ಹನ್ನೊಂದು ವರ್ಷದಿಂದ ಅಲ್ಲಿ ಪಾಠ ಮಾಡುತ್ತಿದ್ದರೂ ಅವರು ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಅತಿಥಿಯಾಗಿಯೇ ಇರುವುದು ಹೇಗೆ ಸಾಧ್ಯ ಎಂದು ಆಗ ನನಗೆ ಅನ್ನಿಸಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಅವರಿಗೆ ಮೇಜಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದಿಂದ ದಿನಾ ಎರಡು ಬಸ್ಸು ಬದಲಿಸಿ ಬರುತ್ತಿದ್ದರು. ಮನೆಯಲ್ಲಿ ಗಂಡ, ಅತ್ತೆ, ಒಂದಿಷ್ಟು ತೆಂಗಿನ ಮರ.

ಆ ತೆಂಗಿನ ಸಿಪ್ಪೆಯೇ ಅವರ ಪಾಠದ ಅರ್ಧ ಭಾಗ. "ನಾವು ಸಿಪ್ಪೇನ ಬಚ್ಚಲ ಒಲೆಗೆ ತುರುಕ್ತೀವಿ. ವಿಯೆಟ್ನಾಂನಲ್ಲಿ ಬೆನ್ ತ್ರೆ ಅಂತ ಒಂದು ಜಿಲ್ಲೆ ಅದೆ, ನಮ್ಮಂಗೇ ತೆಂಗಿನ ಸೀಮೆ. ಅಲ್ಲಿ ಹೆಂಗಸ್ರು ಅದೇ ಸಿಪ್ಪೇಲಿ ಹಗ್ಗ ಹೊಸೀತಾರೆ, ಚಾಪೆ ನೇಯ್ತಾರೆ, ಜಪಾನಿಗೆ ಕಳಿಸ್ತಾರೆ. ನಮ್ ಕೈಲಿ ಯಾಕಾಗಲ್ಲ, ಹೇಳ್ರಿ ನೋಡಾಣ?" ನಾವು ಹೇಳುತ್ತಿರಲಿಲ್ಲ. ಪರೀಕ್ಷೆಗೆ ಬರುವ ಪ್ರಶ್ನೆ ಅದಲ್ಲ ಎಂದು ನಮಗೆ ಗೊತ್ತಿತ್ತು.

ನಮ್ಮ ಎರಡನೆಯ ವರ್ಷ ಕಾಲೇಜಿಗೆ ವಿದೇಶ ಅಧ್ಯಯನ ಪ್ರವಾಸದ ಹುರುಪು ಬಂತು. ಅಕ್ಕಪಕ್ಕದ ಕಾಲೇಜುಗಳು ದುಬೈಗೆ, ಸಿಂಗಪುರಕ್ಕೆ ಹೋಗಿ ಬಂದು ಶಿರಾ ಗೇಟ್‌ನಲ್ಲಿ ಫ್ಲೆಕ್ಸ್ ಹಾಕಿಸಿದ್ದವು. ಆಡಳಿತ ಮಂಡಳಿಯವರು ನಮ್ಮ ವಿಭಾಗದ ಮುಖ್ಯಸ್ಥರಾದ ಎಚ್‌ಓಡಿಗೆ ಹೇಳಿದರು, ಎಚ್‌ಓಡಿ ಸುನಂದಾ ಮೇಡಂಗೆ ಹೇಳಿದರು. ಅವರು ಕೂಡಲೇ ವಿಯೆಟ್ನಾಂ ಎಂದರು. ನಾಲ್ಕು ತಿಂಗಳು ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಕೂತು ಬಂದರಿಗೆ, ಕಾರ್ಖಾನೆಗಳಿಗೆ ಪತ್ರ ಬರೆದರು. ಬಹಳ ಕಡೆಯಿಂದ ಉತ್ತರವೇ ಬರಲಿಲ್ಲ. ಬೆನ್ ತ್ರೆಯಿಂದ ಮಾತ್ರ ಒಬ್ಬಾಕೆ ಉದ್ದಕ್ಕೆ ಉತ್ತರ ಬರೆದರು. ಲಾನ್ ಎಂದು ಹೆಸರು, ತೆಂಗಿನ ನಾರಿನ ಕಾರ್ಖಾನೆಯೊಂದರ ಒಡತಿ. ಮೇಡಂಗೆ ಅವರು ಗೆಳತಿಯೇ ಆಗಿಬಿಟ್ಟರು. "ಅವ್ರ ಅತ್ತೆಗೂ ಮಂಡಿನೋವಂತೆ ಕಣೇ ಕಾವ್ಯಾ" ಎಂದು ಒಂದು ದಿನ ನನಗೆ ಹೇಳಿದರು. ನಾನು ಕ್ಲಾಸ್ ರೆಪ್ ಆಗಿದ್ದರಿಂದ ಟೂರಿನ ಕಾಗದಪತ್ರಕ್ಕೆಲ್ಲ ಅವರ ಜೊತೆ ಕೂರುತ್ತಿದ್ದೆ.

ಆಗಲೇ ನನಗೆ ಗೊತ್ತಾಗಿದ್ದು, ಅವರಿಗೆ ಇದು ಬರೀ ಪಾಠವಲ್ಲ ಎಂದು. ಸಿ.ಎಸ್. ಪುರದಲ್ಲಿ ಎಂಟು ಜನ ಹೆಂಗಸರನ್ನು ಸೇರಿಸಿ ನಾರಿನ ಸಣ್ಣ ಘಟಕ ಮಾಡಬೇಕೆಂದಿದ್ದರು. ಅವರಲ್ಲಿ ಇಬ್ಬರನ್ನು ಕಳಿಸಿದರೆ ಎರಡು ವಾರ ಇಟ್ಟುಕೊಂಡು ಕೆಲಸ ಕಲಿಸುತ್ತೇನೆ ಎಂದು ಲಾನ್ ಒಪ್ಪಿದ್ದರು, ಆದರೆ ಮೊದಲು ಮುಖಾಮುಖಿ ಮಾತಾಡೋಣ ಎಂದಿದ್ದರು. ಮೇಡಂ ಪಾಸ್‌ಪೋರ್ಟ್ ಮಾಡಿಸಿದರು. ಅದರ ವಿಚಾರಣೆಗೆ ಪೊಲೀಸಿನವರು ಮನೆಗೆ ಬಂದಾಗ ಊರವರೆಲ್ಲ ಬಂದು ನಿಂತಿದ್ದರಂತೆ. "ಏನ್ ತಪ್ಪು ಮಾಡವ್ಳೆ ಸೊಸೆ ಅಂತ ನಮ್ಮತ್ತೇನ ಕೇಳಿದ್ರಂತೆ. ಫಾರಿನ್ನಿಗೆ ಹೋಗ್ತಾವ್ಳೆ ಬುಡಿ ಅಂತ ಎಲ್ರಿಗೂ ಕಾಫಿ ಕೊಟ್ಟವ್ರೆ" ಎಂದು ಹೇಳಿ ನಕ್ಕಿದ್ದರು.

ಹೊರಡಲು ಮೂರು ವಾರ ಇದ್ದಾಗ ಎಚ್‌ಓಡಿ ಕ್ಲಾಸಿಗೆ ಬಂದರು. ಸುನಂದಾ ಮೇಡಂ ಬೋರ್ಡಿನ ಪಕ್ಕ ನಿಂತಿದ್ದರು. "ಟೂರಿಗೆ ನಾನೇ ಬರ್ತೀನಿ. ಹುಡ್ಗೀರು ಇರೋದ್ರಿಂದ ಲೇಡಿ ಒಬ್ರು ಬೇಕು, ನಮ್ ಮಿಸೆಸ್ ಬರ್ತಾರೆ. ಗೆಸ್ಟ್ ಫ್ಯಾಕಲ್ಟೀನ ಕಳ್ಸೋಕೆ ರೂಲ್ಸಲ್ಲಿ ಬರಲ್ಲ. ಮೇಡಂ ಚೆನ್ನಾಗಿ ಪ್ಲಾನ್ ಮಾಡ್ಕೊಟ್ಟಿದಾರೆ, ಒಂದು ಚಪ್ಪಾಳೆ ಹೊಡೀರಿ" ಎಂದರು.

ನಾವು ಚಪ್ಪಾಳೆ ಹೊಡೆದೆವು. ಅವರ ಹೆಂಡತಿ ಯಾವ ಕಾಲೇಜಿನ ಫ್ಯಾಕಲ್ಟಿ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಮೇಡಂ ತಲೆ ತಗ್ಗಿಸಿ ಡಸ್ಟರಿನಿಂದ ಬೋರ್ಡು ಒರೆಸಿದರು, ಬೋರ್ಡಿನ ಮೇಲೆ ಆಗ ಏನೂ ಬರೆದಿರಲಿಲ್ಲ.

ಎರಡು ದಿನ ಬಿಟ್ಟು ನನ್ನನ್ನು ಕರೆದು ಒಂದು ನೋಟ್‌ಬುಕ್ ಕೊಟ್ಟರು. ತುಂಬ ಪ್ರಶ್ನೆಗಳು. ಸಿಪ್ಪೆಯನ್ನು ಎಷ್ಟು ದಿನ ನೆನೆಸುತ್ತಾರೆ, ಯಾವ ನೀರು, ಯಂತ್ರಕ್ಕೆ ಎಷ್ಟು ಜನ ಬೇಕು, ಕೈಗೆ ಗಾಯವಾಗುವುದಿಲ್ಲವೆ. "ನನ್ ಬದಲು ನೀನು ಕೇಳ್ಕೊಂಡ್ ಬಾ. ಲಾನ್‌ಗೆ ಬರ್ದಿದೀನಿ, ಹೋಟ್ಲಿಗೇ ವ್ಯಾನ್ ಕಳಿಸ್ತಾರೆ. ಬೇರೇದೆಲ್ಲ ಮರೆತ್ರೂ ಪರ್ವಾಗಿಲ್ಲ, ನೆನೆಹಾಕೋ ನೀರಿನ ವಾಸ್ನೆ ಹೆಂಗಿರುತ್ತೆ ಅಂತ ನೋಡ್ಕೊಂಡ್ ಬಾ. ಊರೊಳಗೆ ನಾರ್ತದೆ ಅಂತ ಈಗ್ಲೇ ಇಬ್ರು ತಕರಾರು ತೆಗ್ದವ್ರೆ." ನಾನು ಆಣೆ ಮಾಡುವವಳಂತೆ ಹೂಂಗುಟ್ಟಿದೆ.

ವಿಯೆಟ್ನಾಂನ ಹೋ ಚಿ ಮಿನ್ ನಗರದಲ್ಲಿ ಮೂರನೆಯ ದಿನ ಬೆನ್ ತ್ರೆಗೆ ಹೋಗಬೇಕಿತ್ತು. ಬೆಳಗಿನ ತಿಂಡಿಯ ಹೊತ್ತಿಗೆ ಎಚ್‌ಓಡಿ ಹೇಳಿದರು: "ತೆಂಗಿನ್ ಸಿಪ್ಪೆ ನೋಡೋಕೆ ವಿಯೆಟ್ನಾಂಗೆ ಬರ್ಬೇಕೇನ್ರೋ? ಗುಬ್ಬೀಲಿ ಬಿದ್ದಿಲ್ವಾ? ಇವತ್ತು ಬೋಟಿಂಗು, ಆಮೇಲೆ ಶಾಪಿಂಗು." ಎಲ್ಲರೂ ಹೋ ಎಂದರು. ನಾನು ಬರೀ ನಕ್ಕೆ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ನಾನೂ ಹೋ ಎಂದೆ.

ಲಾಬಿಗೆ ಇಳಿದಾಗ ನನ್ನ ವಯಸ್ಸಿನ ಒಬ್ಬ ಹುಡುಗಿ ರಟ್ಟಿನ ಮೇಲೆ "ಸುನಂದಾ, ತುಮಕೂರು" ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡು ನಿಂತಿದ್ದಳು. ಹೊರಗೆ ವ್ಯಾನಿತ್ತು. ಉಳಿದವರು ಆಗಲೇ ಬಸ್ಸು ಹತ್ತುತ್ತಿದ್ದರು. ನೀವು ಸುನಂದಾ ಅವರ ವಿದ್ಯಾರ್ಥಿಗಳೆ ಎಂದು ಆಕೆ ನನ್ನನ್ನು ಕೇಳಿದಳು. ಹೌದು ಎಂದಿದ್ದರೆ ಯಾಕೆ ಬರುತ್ತಿಲ್ಲ ಎಂದು ಹೇಳಬೇಕಿತ್ತು, ಎಚ್‌ಓಡಿಯನ್ನು ಕರೆಯಬೇಕಿತ್ತು. ಇಲ್ಲವೆ ಒಬ್ಬಳೇ ವ್ಯಾನು ಹತ್ತಬೇಕಿತ್ತು. ಇಂಟರ್ನಲ್ ಮಾರ್ಕ್ಸ್ ಎಚ್‌ಓಡಿಯ ಕೈಯಲ್ಲಿದ್ದವು. ನಾನು ಎಂದೆ: "ಅಲ್ಲ, ನಮ್ಮದು ಬೇರೆ ತಂಡ." ಆಕೆ ಥ್ಯಾಂಕ್ಯೂ ಎಂದು ಬಾಗಿದಳು. ನಾನು ಬಸ್ಸು ಹತ್ತಿದೆ. ಅವತ್ತಿನ ಫೋಟೋಗಳಲ್ಲಿ ನಾನು ಚೆನ್ನಾಗಿ ಬಂದಿದ್ದೇನೆ.

ಊರಿಗೆ ಬಂದ ಮೇಲೆ ಎಲ್ಲರೂ ಟೂರ್ ರಿಪೋರ್ಟ್ ಬರೆಯಬೇಕಿತ್ತು. ಬೆನ್ ತ್ರೆಗೆ ಹೋಗಿದ್ದೇವೆಂದೇ ಬರೆಯಿರಿ, ಮ್ಯಾನೇಜ್‌ಮೆಂಟಿಗೆ ಟೂರ್ ಪ್ಲಾನ್ ಕೊಟ್ಟಾಗಿದೆ ಎಂದರು ಎಚ್‌ಓಡಿ. ನಾನು ಮೇಡಂ ಪಾಠದ ನೋಟ್ಸನ್ನೇ ಹರವಿಕೊಂಡು, ಅವರ ಪ್ರಶ್ನೆಗಳಿಗೆ ಇಂಟರ್‌ನೆಟ್ಟಿನಲ್ಲಿ ಸಿಕ್ಕ ಉತ್ತರ ಸೇರಿಸಿ ಇಪ್ಪತ್ತು ಪುಟ ಬರೆದೆ. ತಿದ್ದುವ ಕೆಲಸ ಮಾತ್ರ ಗೆಸ್ಟ್ ಫ್ಯಾಕಲ್ಟಿಯದೇ.

ವೈವಾ ಪರೀಕ್ಷೆಯ ದಿನ ಮೇಡಂ ನನ್ನ ರಿಪೋರ್ಟನ್ನು ಪುಟ ಪುಟ ತಿರುವಿ ನೋಡಿದರು. ಕೇಳಿದ್ದು ಒಂದೇ ಪ್ರಶ್ನೆ.

"ವಾಸ್ನೆ ಹೆಂಗಿತ್ತು ಕಾವ್ಯಾ?"

"ಅಂಥಾದ್ದೇನಿಲ್ಲ ಮೇಡಂ. ಸ್ವಲ್ಪ ಹಸಿ ಹಸಿ ಅಷ್ಟೆ."

ಅವರು ರಿಪೋರ್ಟ್ ಮುಚ್ಚಿ, "ಸರಿ, ಹೋಗು" ಎಂದರು. ಇಪ್ಪತ್ತೈದಕ್ಕೆ ಇಪ್ಪತ್ತೈದು ಕೊಟ್ಟಿದ್ದರು. ಆ ಜೂನ್‌ನಲ್ಲಿ ಕಾಲೇಜು ಅವರನ್ನು ಹೊಸ ವರ್ಷದ ಪಾಠಕ್ಕೆ ಮತ್ತೆ ಕರೆಯಲಿಲ್ಲ.

ಈಗ ನಾನು ತುಮಕೂರಿನ ಒಂದು ರಫ್ತು ಕಂಪನಿಯಲ್ಲಿ ಕೆಲಸಕ್ಕಿದ್ದೇನೆ. ಇಂಟರ್ವ್ಯೂನಲ್ಲಿ ಅವರು ಮೆಚ್ಚಿದ್ದು ಆ ರಿಪೋರ್ಟನ್ನೇ. ಸುನಂದಾ ಮೇಡಂ ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯಲ್ಲಿ ಪಿಯು ಮಕ್ಕಳಿಗೆ ಪಾಠ ಮಾಡುತ್ತಿದ್ದಾರೆಂದು ಕಳೆದ ವರ್ಷ ಗೊತ್ತಾಯಿತು. ವಾರಗಟ್ಟಲೆ ಮಾತು ಜೋಡಿಸಿಕೊಂಡು ಒಂದು ದಿನ ರಜೆ ಹಾಕಿ ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಅವರಿಗೆ ಅಲ್ಲಿ ಒಂದು ಮೇಜಿತ್ತು.

"ಮೇಡಂ, ನಾವು ಬೆನ್ ತ್ರೆಗೆ ಹೋಗಿರ್ಲಿಲ್ಲ" ಎಂದೆ.

"ಗೊತ್ತು. ಅವತ್ತೇ ಲಾನ್ ಬರ್ದಿದ್ರು. ಎಂಬತ್ತು ಜನಕ್ಕೆ ಅಡ್ಗೆ ಮಾಡ್ಸಿದ್ರಂತೆ, ಕೆಲ್ಸದವ್ರೂ ಸೇರಿ ಎಲ್ರೂ ಒಟ್ಗೆ ಊಟ ಮಾಡಾಣ ಅಂತ." ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಬೋರ್ಡ್ ಹಿಡ್ದಿದ್ದ ಹುಡ್ಗಿ ಅವ್ರ ಮಗ್ಳು. ಕಾಲೇಜ್ ಹೆಸ್ರಿದ್ದ ಟೀ ಶರ್ಟ್ ಹಾಕ್ಕೊಂಡು ಒಂದು ಹುಡ್ಗಿ ತಮ್ದು ಬೇರೆ ತಂಡ ಅಂದ್ಲು, ನಾವೇನಾದ್ರೂ ತಪ್ಪು ಮಾಡಿದ್ವಾ ಅಂತ ಕೇಳಿದ್ರು. ನಾನೇನ್ ಬರೀಲಿ? ಕ್ಷಮಿಸಿ ಅಂತ ಬರ್ದೆ. ಆಮೇಲೆ ಅವ್ರು ಬರೀಲಿಲ್ಲ."

ಸಿ.ಎಸ್. ಪುರದ ಎಂಟು ಜನ ಹೆಂಗಸರ ವಿಷಯವನ್ನೂ ಅವರೇ ಹೇಳಿದರು. "ನಮ್ಮೋರು ಈಗ್ಲೂ ಸಿಪ್ಪೇನ ಒಲೆಗೇ ಹಾಕ್ತಾವ್ರೆ."

"ಮತ್ತೆ ನನಗೆ ಯಾಕೆ ಫುಲ್ ಮಾರ್ಕ್ಸ್ ಕೊಟ್ರಿ ಮೇಡಂ?"

"ರಿಪೋರ್ಟೆಲ್ಲ ನನ್ ನೋಟ್ಸೇ ಆಗಿತ್ತಲ್ಲ. ನನ್ ನೋಟ್ಸಿಗೆ ನಾನೇ ಕಮ್ಮಿ ಕೊಡ್ಲಾ?"

ಅವರು ನಗಲಿಲ್ಲ. ನಾನು ಅಳತೊಡಗಿದೆ. ತಪ್ಪಾಯಿತು ಎಂದು ಎರಡು ಸಲ, ಮೂರು ಸಲ ಹೇಳಿದೆ. ಅಳು ನಿಂತ ಮೇಲೆ ಅವರು ಬೈಗುಳದ ದನಿಯಲ್ಲಲ್ಲ, ಪಾಠದ ದನಿಯಲ್ಲೇ ಕೇಳಿದರು: "ನೀನು ತಪ್ಪಾಯ್ತು ಅಂತ ಹೇಳಕ್ಕೆ ಬಂದ್ಯೋ, ನಾನು ಪರ್ವಾಗಿಲ್ಲ ಅನ್ನೋದನ್ನ ಕೇಳಕ್ಕೆ ಬಂದ್ಯೋ?"

ಗಂಟೆ ಹೊಡೆಯಿತು. ಅವರು ಹಾಜರಿ ಪುಸ್ತಕ ಎತ್ತಿಕೊಂಡರು. "ಕುಣಿಗಲ್ ಬಸ್ಸು ಮೂರೂವರೆಗದೆ. ಬಿಟ್ರೆ ಆರು ಗಂಟೆವರ್ಗೂ ಇಲ್ಲ. ಹುಷಾರಾಗಿ ಹೋಗು" ಎಂದು ಹೇಳಿ ಕ್ಲಾಸಿಗೆ ಹೋದರು.

ಮೂರೂವರೆಯ ಬಸ್ಸು ಬಂದು ನಿಂತಾಗ ನಾನು ಹತ್ತಿ ಕಿಟಕಿಯ ಬಳಿ ಕೂತೆ. ಅಷ್ಟರಲ್ಲಿ ಮೇಡಂ ಇನ್ನೊಬ್ಬ ಶಿಕ್ಷಕಿಯ ಜೊತೆ ಬ್ಯಾಗು ಹಿಡಿದು ಬೇಗ ಬೇಗ ಬಂದರು. ಅವರೂ ದಿನಾ ಅದೇ ಬಸ್ಸಿಗೆ ಹೋಗುವವರೆಂದು ಆಗ ತಿಳಿಯಿತು. ನನ್ನ ಪಕ್ಕದ ಸೀಟು ಖಾಲಿಯಿತ್ತು. ಅದರ ಮೇಲೆ ಇಟ್ಟಿದ್ದ ನನ್ನ ಬ್ಯಾಗನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟವರು ನನ್ನನ್ನು ಕಂಡರು. ಕಾಲು ಕೆಳಗಿಳಿಸಿದರು.

"ನೀವು ಹೋಗಿ ಟೀಚರ್" ಎಂದು ಜೊತೆಯವರಿಗೆ ಹೇಳುವುದು ಕೇಳಿಸಿತು. "ನಾನು ಆರು ಗಂಟೆದಕ್ಕೆ ಬರ್ತೀನಿ."